ಹೊಟ್ಟೆ ತುಂಬಿತು, ಮೊಲ ಓಡಿತು

ಚೀನೀ ಭಾಷೆ ಜಗತ್ತಿನಲ್ಲೇ ಅತಿ ಕಷ್ಟದ ಭಾಷೆ ಅಂತ ಹಾಸನದ ಬಸ್ ಸ್ಟ್ಯಾಂಡಿನಲ್ಲಿ ನಿಂತು ಯಾರಿಗೆ ಹೇಳಿದರೂ ಒಪ್ಪಿಕೊಳ್ಳುತ್ತಾರೆ. ಆ ಭಾಷೆಯ ಒಂದು ಮಾತೂ ಕಿವಿಗೆ ಬೀಳದವರೂ ಒಪ್ಪುತ್ತಾರೆ. ಈ ಅಭಿಪ್ರಾಯ ನಮಗೆ ಬಂದದ್ದು ಎಲ್ಲಿಂದ ಅಂತ ಜಾಡು ಹಿಡಿದು ಹೊರಟರೆ ಇಂಗ್ಲಿಷಿನವರ ಮನೆ ಬಾಗಿಲಿಗೆ ಹೋಗಿ ನಿಲ್ಲುತ್ತೇವೆ. ಅಮೆರಿಕದ ವಿದೇಶಾಂಗ ಇಲಾಖೆ ತನ್ನ ಅಧಿಕಾರಿಗಳಿಗೆ ಭಾಷೆ ಕಲಿಸಲು ಒಂದು ಸಂಸ್ಥೆ ಇಟ್ಟುಕೊಂಡಿದೆ. ಅದರ ಲೆಕ್ಕದಲ್ಲಿ ಫ್ರೆಂಚ್, ಸ್ಪ್ಯಾನಿಷ್ ಸುಲಭದವು. ಹಿಂದಿ, ತಮಿಳು, ತೆಲುಗು ಸುಮಾರು 1100 ಗಂಟೆಯ ಪಾಠ ಬೇಡುವ ಕಷ್ಟದವು. ಚೀನೀ, ಜಪಾನಿ, ಕೊರಿಯನ್, ಅರಬ್ಬಿ 2200 ಗಂಟೆ ಬೇಡುವ ಮಹಾಕಷ್ಟದವು. ಲೆಕ್ಕ ಸರಿಯಾಗಿಯೇ ಇರಬಹುದು. ಆದರೆ ಅದು ಇಂಗ್ಲಿಷ್ ಆಡುತ್ತಾ ಬೆಳೆದವರ ಲೆಕ್ಕ. ಬಳ್ಳಾರಿಯ ಹುಡುಗನಿಗೆ ತೆಲುಗು ಕಲಿಯೋಕೆ 1100 ಗಂಟೆ ಬೇಕೇ? ಪಟ್ಟಿಯ ಆ ಭಾಗಕ್ಕೆ ನಕ್ಕುಬಿಡುವ ನಾವು, ಅದರದ್ದೇ ಇನ್ನೊಂದು ಭಾಗವನ್ನು ಮಾತ್ರ ಕಣ್ಣುಮುಚ್ಚಿ ನಂಬಿಕೊಂಡು ಕೂತಿದ್ದೇವೆ.

ನಾನು ಹಾಸನದಲ್ಲಿ ಬಿ.ಎ. ಓದುವಾಗ ನಮ್ಮ ಕಾಲೇಜಿನಲ್ಲಿ ವಿದೇಶಿ ಭಾಷೆಯ ಸರ್ಟಿಫಿಕೇಟ್ ಕೋರ್ಸ್ ಅಂತ ಒಂದು ಶುರುವಾಯಿತು. ಎಲ್ಲರೂ ಫ್ರೆಂಚ್ ಬರುತ್ತದೆ ಅಂದುಕೊಂಡಿದ್ದೆವು. ಬಂದದ್ದು ಚೀನೀ. ಕಾರಣ ದೊಡ್ಡದೇನಲ್ಲ, ಶನಿವಾರ ಶನಿವಾರ ಬೆಂಗಳೂರಿನಿಂದ ಬಂದು ಹೋಗಲು ಒಪ್ಪಿದ ಮೇಡಂ ಚೀನೀ ಬಲ್ಲವರಾಗಿದ್ದರು. ಶ್ರವಣಬೆಳಗೊಳದ ಮೇಲೆ ಹಾಸನಕ್ಕೆ ರೈಲು 2017ರಲ್ಲಿ ಶುರುವಾಗಿತ್ತಲ್ಲ, ಅದಿಲ್ಲದಿದ್ದರೆ ಅವರೂ ಒಪ್ಪುತ್ತಿರಲಿಲ್ಲವೇನೋ. ಬಂಗಾಳದವರು, ಶಾಂತಿನಿಕೇತನದ ಚೀನಾ ಭವನದಲ್ಲಿ ಓದಿದವರು. ಚೀನಾ ಭವನ ಅಂದರೆ ರವೀಂದ್ರನಾಥ ಠಾಕೂರರು ತಾನ್ ಯುನ್‌ಷಾನ್ ಎಂಬ ಚೀನೀ ವಿದ್ವಾಂಸರನ್ನು ಕಟ್ಟಿಕೊಂಡು 1937ರಲ್ಲಿ ತೆರೆದದ್ದು. ಈ ದೇಶದಲ್ಲಿ ಚೀನೀ ಅಧ್ಯಯನಕ್ಕೆ ಅಂತಲೇ ಒಂದು ಮನೆ ಆದದ್ದು ಅಲ್ಲಿಂದ. ಮೇಡಂಗೆ ಕನ್ನಡ ಬರುತ್ತಿರಲಿಲ್ಲ. ನಮ್ಮ ಇಂಗ್ಲಿಷ್ ಎಂಥದ್ದು ಅಂತ ಹೇಳಬೇಕಾಗಿಲ್ಲ.

ಪಠ್ಯ ಇಂಗ್ಲಿಷಿನದು. ಚೀನಾ ಸರ್ಕಾರ 1958ರಲ್ಲಿ ಒಪ್ಪಿದ ಪಿನ್‌ಯಿನ್ ಅಂತ ಒಂದು ಪದ್ಧತಿ ಇದೆ, ಚೀನೀ ಉಚ್ಚಾರವನ್ನು ರೋಮನ್ ಅಕ್ಷರದಲ್ಲಿ ಬರೆಯುವುದು. ಅದರಲ್ಲಿ ಬಿ, ಪಿ, ಡಿ, ಟಿ, ಜಿ, ಕೆ ಎಲ್ಲ ಇವೆ. ಪುಸ್ತಕ ಈ ಅಕ್ಷರಗಳನ್ನು ಇಂಗ್ಲಿಷ್ ಪದಗಳಿಗೆ ಹೋಲಿಸಿ ವಿವರಿಸುತ್ತಿತ್ತು: ಉಸಿರು ಬಿಟ್ಟು ಹೇಳಿ, ಉಸಿರು ಹಿಡಿದು ಹೇಳಿ, ಬಾಯ ಮುಂದೆ ಕಾಗದದ ಚೂರು ಹಿಡಿದು ಅದು ಅಲ್ಲಾಡುತ್ತದೋ ನೋಡಿ. ಹಿಂದಿನ ಬೆಂಚಿನಿಂದ ಕಾಗದಕ್ಕೆ ಊದುವ ಸದ್ದು ಕೇಳಿ ನಗು. ಮೇಡಂ ತಮ್ಮ ಹಳೆಯ ನೋಟ್‌ಬುಕ್ಕನ್ನು ಮೇಜಿನ ಮೇಲೆ ತೆರೆದಿಟ್ಟಿದ್ದರು. ನಾನು ಹಾಜರಿ ಹಾಕಿಸಿಕೊಳ್ಳಲು ಹೋದಾಗ ಕಣ್ಣಿಗೆ ಬಿತ್ತು: ಪ್ರತಿ ಪದದ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬಂಗಾಳಿ ಅಕ್ಷರ. "ಇದೇನು ಮೇಡಂ?" ಅಂದೆ. ತಾವು ಕಲಿಯುವಾಗ ಬರೆದುಕೊಂಡದ್ದು ಅಂದರು. ಆಮೇಲೆ ಸ್ವಲ್ಪ ಯೋಚಿಸಿ, ನಿಮ್ಮಲ್ಲೂ ಕ, ಖ ಬೇರೆ ಬೇರೆ ಇವೆಯಲ್ಲವೇ ಅಂತ ಕೇಳಿದರು.

ಇವೆ. ಪಿನ್‌ಯಿನ್‌ನ ಬಿ ಅಂದರೆ ನಮ್ಮ ಪ. ಅದರ ಪಿ ಅಂದರೆ ನಮ್ಮ ಫ, ಪಕಾರಕ್ಕೆ ಉಸಿರು ಸೇರಿದ ಮಹಾಪ್ರಾಣ. ಡಿ ಅಂದರೆ ತ, ಟಿ ಅಂದರೆ ಥ. ಜಿ ಅಂದರೆ ಕ, ಕೆ ಅಂದರೆ ಖ. ಇಂಗ್ಲಿಷಿನಲ್ಲಿ ಒಂದು ಪುಟ ತಿಂದ ವಿವರಣೆ ಬೋರ್ಡಿನ ಮೇಲೆ ಆರು ಅಕ್ಷರದಲ್ಲಿ ಮುಗಿಯಿತು. ಆಮೇಲೆ ಮೇಡಂ ಚೀನೀ ಕಲಿಸುವವರ ಒಂದು ಹಳೇ ತಮಾಷೆ ಬರೆಸಿದರು. 'ತೂತ್ಸ ಪಾವ್ ಲ' ಅಂದರೆ ಹೊಟ್ಟೆ ತುಂಬಿತು. 'ಥೂತ್ಸ ಫಾವ್ ಲ' ಅಂದರೆ ಮೊಲ ಓಡಿಹೋಯಿತು. ಚೀನೀಯಲ್ಲಿ ಪದದ ಅರ್ಥವನ್ನೇ ಬದಲಿಸುವ ಸ್ವರದ ಏರಿಳಿತವೂ ಎರಡರಲ್ಲೂ ಒಂದೇ. ವ್ಯತ್ಯಾಸ ಇರುವುದು ಎರಡು ಕಡೆ ಬಿಡುವ ಉಸಿರಲ್ಲಿ ಮಾತ್ರ. ಊಟಕ್ಕೆ ಕರೆದವರ ಮನೆಯಲ್ಲಿ ಉಸಿರು ಹೆಚ್ಚಾದರೆ ಮೊಲ ಹುಡುಕಲು ಎದ್ದು ಹೋಗಬೇಕಾಗುತ್ತದೆ.

ಇಲ್ಲಿ ಹಾಸನದವರಿಗೆ ಮಾತ್ರ ಗೊತ್ತಿರುವ ಒಂದು ತೊಂದರೆ ಇದೆ. ಹಾಸನದವರಿಗೆ ಅಂತ ಯಾಕೆ, ಹಳ್ಳಿ ಕನ್ನಡ ಆಡುವ ಎಲ್ಲರಿಗೂ. ನಮ್ಮ ಬಾಯಲ್ಲಿ ಮಹಾಪ್ರಾಣ ಇಲ್ಲ. ದರ್ಮ, ಬಾಗ, ಕಾರಬಾತು, ಗಂಟೆ ಹೊಡೀತು ಗನವಾಗಿ. ಸ್ಕೂಲಿನಲ್ಲಿ ಮೇಷ್ಟರು 'ಭಾರತ' ಅಂತ ಹೊಟ್ಟೆಯಿಂದ ಹೇಳು ಅಂತ ಬೆನ್ನಿಗೆ ಬಿಡುತ್ತಿದ್ದರು. ಆಲೂರು ಕಡೆಯಿಂದ ಬಂದ ನಾವೆಲ್ಲ ಕಾಲೇಜಿನ ಭಾಷಣ ಸ್ಪರ್ಧೆಗಳಲ್ಲಿ ಅದೊಂದಕ್ಕೇ ಹಿಂದೆ ಬೀಳುತ್ತಿದ್ದೆವು. ಮಹಾಪ್ರಾಣ ಇಲ್ಲದಿದ್ದರೂ ಕನ್ನಡಕ್ಕೆ ಏನೂ ನಷ್ಟವಿಲ್ಲ, ಅದು ಸಂಸ್ಕೃತದಿಂದ ಬಂದ ಪದಗಳ ಬಾಡಿಗೆ ಸಾಮಾನು ಅಂತ ವಾದಿಸುವವರ ಪಕ್ಷ ನನ್ನದು, ಈಗಲೂ. ಕನ್ನಡದಲ್ಲಿ 'ದರ್ಮ' ಅಂದರೆ ಯಾರಿಗೂ ಬೇರೆ ಅರ್ಥ ಹೊಳೆಯುವುದಿಲ್ಲ. ಚೀನೀಯಲ್ಲಿ ಹಾಗಲ್ಲ, ಅಪ್ಪ ಅನ್ನುವುದಕ್ಕೂ ಹೆದರು ಅನ್ನುವುದಕ್ಕೂ ನಡುವೆ ಇರುವುದು ಮಹಾಪ್ರಾಣ ಒಂದೇ. ಮೇಷ್ಟರು ಬೆನ್ನಿಗೆ ಬಿಟ್ಟು ಕಲಿಸಿದ ಅಕ್ಷರ ಕೊನೆಗೆ ಕೆಲಸಕ್ಕೆ ಬಂದದ್ದು ಬೇರೆಯವರ ಭಾಷೆಯಲ್ಲಿ.

ಶ, ಷ, ಸ ಇನ್ನೂ ಸ್ವಾರಸ್ಯ. ನಾವು ಬರೆಯುವಾಗ ಮೂರು, ಆಡುವಾಗ ಎರಡೋ ಒಂದೋ. 'ಭಾಷೆ'ಗೆ ಯಾವ ಷ, 'ದೇಶ'ಕ್ಕೆ ಯಾವ ಶ ಅಂತ ಉಕ್ತಲೇಖನದಲ್ಲಿ ಅಂಕ ಕಳೆದುಕೊಳ್ಳದ ಮಕ್ಕಳಿಲ್ಲ. ಚೀನೀಯಲ್ಲಿ ಈ ಮೂರೂ ಬಾಯಲ್ಲೇ ಬೇರೆ ಬೇರೆ ಬದುಕಿವೆ. ನಾಲಿಗೆಯ ಮೈ ಅಂಗುಳಕ್ಕೆ ಹತ್ತಿರ ಹೋಗಿ ಹುಟ್ಟುವ ಶ, ತುದಿ ಹಿಂದಕ್ಕೆ ಬಾಗಿ ಹುಟ್ಟುವ ಷ, ಹಲ್ಲಿನ ಹತ್ತಿರದ ಸ. ಪಿನ್‌ಯಿನ್ ಮೊದಲನೆಯದಕ್ಕೆ ಎಕ್ಸ್ ಅಕ್ಷರ ಕೊಟ್ಟಿದೆ. ಅದನ್ನು ಇಂಗ್ಲಿಷಿನ ಕಣ್ಣಲ್ಲಿ ಓದಿ ನಮ್ಮ ಕಡೆ ಚೀನಾದ ಅಧ್ಯಕ್ಷರ ಹೆಸರನ್ನು ಒಬ್ಬರು 'ಕ್ಸಿ' ಅಂತಾರೆ, ಇನ್ನೊಬ್ಬರು 'ಷಿ' ಅಂತಾರೆ. ತಾಲವ್ಯ ಶಕಾರ ಹಾಕಿ 'ಶೀ' ಅಂದರೆ ಮುಗಿಯಿತು. ಚೀನಾದ ದಕ್ಷಿಣದವರೂ ಮಾತಲ್ಲಿ ಷಕಾರವನ್ನು ಸಕಾರ ಮಾಡಿಬಿಡುತ್ತಾರಂತೆ, ಉತ್ತರದವರು ಅದಕ್ಕೆ ನಗುತ್ತಾರಂತೆ. ಕೇಳಿ ಸಮಾಧಾನವಾಯಿತು.

ಇದೆಲ್ಲ ಬರೀ ಕಾಕತಾಳೀಯ ಅಂದುಕೊಂಡಿದ್ದೆ. ಪೂರ್ತಿ ಅಲ್ಲ. ಬೌದ್ಧ ಗ್ರಂಥಗಳನ್ನು ಚೀನೀಗೆ ತರುತ್ತಿದ್ದ ಭಿಕ್ಷುಗಳಿಗೆ ಸಂಸ್ಕೃತದ ವರ್ಣಮಾಲೆ ಕಲಿಯದೆ ಗತಿ ಇರಲಿಲ್ಲ. ಧ್ವನಿಗಳನ್ನು ಹುಟ್ಟುವ ಜಾಗದ ಪ್ರಕಾರ ಸಾಲು ಸಾಲಾಗಿ ಜೋಡಿಸಬಹುದು ಅನ್ನುವ ಕಲ್ಪನೆ ಅವರಿಗೆ ಹಿಡಿಸಿತು. ತಮ್ಮ ಭಾಷೆಯ ಧ್ವನಿಗಳನ್ನೂ ಹಾಗೆ ಜೋಡಿಸಿದರು. ಚೀನಾದ ತಾಂಗ್ ಅರಸು ಮನೆತನದ ಕೊನೆಯ ಹೊತ್ತಿನ ಶೌವೆನ್ ಎಂಬ ಭಿಕ್ಷುವಿನ ಹೆಸರನ್ನು ಈ ಕೆಲಸಕ್ಕೆ ಅಂಟಿಸಿ ಹೇಳುವ ಸಂಪ್ರದಾಯವಿದೆ. ಮುಂದೆ ಬೆಳೆದ ಕೋಷ್ಟಕಗಳಲ್ಲಿ ಪ್ರತಿ ಸಾಲಿಗೂ ನಾಲ್ಕು ಮನೆ: ಪೂರ್ತಿ ತಿಳಿ, ಅರೆ ತಿಳಿ, ಪೂರ್ತಿ ಕದಡು, ಅರೆ ಕದಡು. ಕ ಖ ಗ ಙ ಅಂತ ಓದಿಕೊಳ್ಳಿ. ನಮ್ಮ ಐದರಲ್ಲಿ ಘಕಾರ ಒಂದು ಅವರಿಗಿರಲಿಲ್ಲ, ಅದನ್ನು ಕೈಬಿಟ್ಟರು. 1918ರಲ್ಲಿ ಚೀನಾ ಹೊರತಂದ, ಇವತ್ತಿಗೂ ತೈವಾನಿನ ಮಕ್ಕಳು ಮೊದಲು ಕಲಿಯುವ ಉಚ್ಚಾರ ಚಿಹ್ನೆಗಳೂ ಬಾಯಿಪಾಠಕ್ಕೆ ಹಾಗೇ ಹೋಗುತ್ತವೆ. ಮೊದಲು ತುಟಿಯವು, ಆಮೇಲೆ ತ ಥ ನ ಲ, ಆಮೇಲೆ ಕ ಖ ಹ. ನಮ್ಮ ಕ್ಲಾಸು ಅದನ್ನು ಒಟ್ಟಿಗೆ ಕೂಗಿದಾಗ ಪಕ್ಕದ ರೂಮಿನ ಕಾಮರ್ಸ್ ಮೇಷ್ಟರು ಬಂದು ಒಂದನೇ ಕ್ಲಾಸು ಶುರು ಮಾಡಿದ್ದೀರಾ ಅಂತ ಇಣುಕಿ ಹೋದರು.

ಹೈಸ್ಕೂಲಿನ ಇತಿಹಾಸದಲ್ಲಿ ನಾವೆಲ್ಲ ಓದಿದ ಹ್ಯೂಯೆನ್ ತ್ಸಾಂಗ್ 629ರ ಹೊತ್ತಿಗೆ ಹೊರಟು 645ರಲ್ಲಿ ಊರು ಸೇರಿದವನು. ಇಮ್ಮಡಿ ಪುಲಕೇಶಿಯ ಬಗ್ಗೆ ಬರೆದ ಅಂತ ಒಂದು ಅಂಕದ ಪ್ರಶ್ನೆಗೆ ಉತ್ತರ ಬರೆದು ನಾವು ಮರೆತವನು. ಆತ ಪುಲಕೇಶಿಯ ಹೆಸರನ್ನು ನಾಲ್ಕು ಚೀನೀ ಅಕ್ಷರದಲ್ಲಿ ಬರೆದಿದ್ದಾನೆ. ಇಂದಿನ ಉಚ್ಚಾರದಲ್ಲಿ ಓದಿದರೆ 'ಪು-ಲುವೊ-ಚೀ-ಷ'. ಆ ಮೂರನೆಯದು ಅವನ ಕಾಲದಲ್ಲಿ 'ಕೇ'ಗೆ ಹತ್ತಿರವಿತ್ತು ಅಂತ ಧ್ವನಿಶಾಸ್ತ್ರದವರು ಹೇಳುತ್ತಾರೆ. ಹಾಗೆ ಓದಿ ನೋಡಿ, ಸಾವಿರದ ಮುನ್ನೂರು ವರ್ಷಕ್ಕೂ ಹಿಂದೆ ಒಬ್ಬ ಪರದೇಶಿಯ ಕಿವಿಗೆ ನಮ್ಮ ದೊರೆಯ ಹೆಸರು ಎಷ್ಟು ನೆಟ್ಟಗೆ ಬಿದ್ದಿದೆ!

ವ್ಯಾಕರಣಕ್ಕೆ ಬಂದರೆ, 'ನಿನ್ನೆ ನಾನು ಓದಿದ ಪುಸ್ತಕ' ಅನ್ನುವುದನ್ನು ಇಂಗ್ಲಿಷಿನಲ್ಲಿ ಹೇಳಲು ಪುಸ್ತಕದಿಂದ ಶುರು ಮಾಡಿ ನಿನ್ನೆಗೆ ಬಂದು ಮುಗಿಸಬೇಕು. ಚೀನೀಯಲ್ಲಿ ನಮ್ಮ ಹಾಗೇ: ತ್ಸುವೊಥ್ಯೆನ್ ಅಂದರೆ ನಿನ್ನೆ, ವೊ ಅಂದರೆ ನಾನು, ಖಾನ್ ತ ಅಂದರೆ ಓದಿದ, ಷೂ ಅಂದರೆ ಪುಸ್ತಕ. ಒಂದು ಪದವನ್ನೂ ಕದಲಿಸಬೇಕಾಗಿಲ್ಲ. ಎಷ್ಟು ಉದ್ದದ ವಿಶೇಷಣವಾದರೂ ನಾಮಪದ ಆದ ಮೇಲೆ ಅಲ್ಲ, ಅದಕ್ಕಿಂತ ಮೊದಲೇ ಬರುತ್ತದೆ. 'ಅವನು ನನಗಿಂತ ಎತ್ತರ' ಅನ್ನುವುದೂ ಹಾಗೇ, 'ಇದ್ದಾನೆ' ಅಂತ ಯಾರೂ ಬಾಲ ಸೇರಿಸುವುದಿಲ್ಲ. ವಿಳಾಸ ಬರೆಯುವುದಕ್ಕೆ ಅಪ್ಪನ ಜಮೀನಿನ ಕಾಗದ ನೆನಪಾಯಿತು. ಹಾಸನ ಜಿಲ್ಲೆ, ಆಲೂರು ತಾಲ್ಲೂಕು, ಕಸಬಾ ಹೋಬಳಿ, ಇಂಥ ಗ್ರಾಮದ ಸರ್ವೆ ನಂಬರು ಇಷ್ಟು. ದೊಡ್ಡದರಿಂದ ಚಿಕ್ಕದಕ್ಕೆ. ಚೀನೀಯರು ಲಕೋಟೆಯ ಮೇಲೂ ಅದೇ ಕ್ರಮದಲ್ಲಿ ಬರೆಯುತ್ತಾರೆ: ಪ್ರಾಂತ್ಯ, ನಗರ, ಬೀದಿ, ಮನೆ, ಕೊನೆಗೆ ಮನುಷ್ಯ. ನಮ್ಮ ಪಠ್ಯಪುಸ್ತಕ ಇದನ್ನು 'ವಿಚಿತ್ರ ಪದ್ಧತಿ' ಅನ್ನುವ ಧಾಟಿಯಲ್ಲಿ ಹೇಳಿತ್ತು. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಒಮ್ಮೆ ಕೂತವರಿಗೆ ಅದರಲ್ಲಿ ವಿಚಿತ್ರ ಏನೂ ಕಾಣುವುದಿಲ್ಲ.

ಸಂಬಂಧಗಳ ಪಾಠ ಬಂದ ಶನಿವಾರ ಮಾತ್ರ ಕ್ಲಾಸು ಹೊತ್ತು ಮೀರಿ ನಡೆಯಿತು. ಇಂಗ್ಲಿಷ್ ಪುಸ್ತಕದಲ್ಲಿ ಒಂದೊಂದು ಪದಕ್ಕೂ ಒಂದೊಂದು ಸಾಲಿನ ಅರ್ಥ, 'ಅಪ್ಪನಿಗಿಂತ ಚಿಕ್ಕವನಾದ ಅಪ್ಪನ ಸಹೋದರ' ಅಂತ. ನಾವು ಪಕ್ಕದಲ್ಲಿ ಚಿಕ್ಕಪ್ಪ ಅಂತ ಬರೆದು ಮುಂದೆ ಹೋದೆವು. ದೊಡ್ಡಪ್ಪ ಬೇರೆ, ಸೋದರಮಾವ ಬೇರೆ, ಅತ್ತೆ ಬೇರೆ, ಅಣ್ಣ ಬೇರೆ, ತಮ್ಮ ಬೇರೆ. ಎಲ್ಲ ಮನೆ ಸಾಮಾನೇ ಅನ್ನಿಸಿತು. ಸಿಕ್ಕಿಹಾಕಿಕೊಂಡದ್ದು ಅವರ ಮಕ್ಕಳ ವಿಷಯಕ್ಕೆ. ಚೀನೀಯರು ಗೆರೆ ಎಳೆಯುವುದು ಮನೆತನದ ಹೆಸರಿನ ಸುತ್ತ. ಅಪ್ಪನ ಅಣ್ಣತಮ್ಮಂದಿರ ಮಕ್ಕಳು ಒಂದೇ ಮನೆತನ, ಅವರು 'ಥಾಂಗ್'. ಅತ್ತೆಯ, ಸೋದರಮಾವನ, ಅಮ್ಮನ ಅಕ್ಕತಂಗಿಯರ ಮಕ್ಕಳೆಲ್ಲ ಹೊರಗಿನವರು, 'ಪ್ಯಾವ್'. ನಮ್ಮ ಗೆರೆ ಬೇರೆ ಕಡೆ ಹೋಗುತ್ತದೆ. ದೊಡ್ಡಮ್ಮ ಚಿಕ್ಕಮ್ಮನ ಮಕ್ಕಳು ಅಣ್ಣ ತಂಗಿಯರೇ; ಅತ್ತೆಯ ಮಕ್ಕಳು, ಮಾವನ ಮಕ್ಕಳು ಮಾತ್ರ ಬೇರೆ, ಯಾಕೆಂದರೆ ಅಲ್ಲಿ ಮದುವೆ ಆಗಬಹುದು. ಹಳೇ ಚೀನಾದಲ್ಲೂ ಪ್ಯಾವ್ ಮದುವೆಗಳು ನಡೆಯುತ್ತಿದ್ದವು. 1950ರ ವಿವಾಹ ಕಾನೂನು ಅದನ್ನು ರೂಢಿಗೆ ಬಿಟ್ಟಿತ್ತು, 1980ರ ಕಾನೂನು ಪೂರ್ತಿ ನಿಷೇಧಿಸಿತು. ಮೇಡಂ ಇದನ್ನು ಹೇಳುವಾಗ ಅರಕಲಗೂಡಿನ ಹುಡುಗಿಯೊಬ್ಬಳು ಎದ್ದು ನಿಂತು, ತನ್ನ ಅಪ್ಪ ತನ್ನ ಅಮ್ಮನಿಗೆ ಸೋದರಮಾವನೇ ಆಗಬೇಕು ಅಂದಳು. "ನಮ್ಮಜ್ಜಿ ಅಂದ್ರೆ ನಮ್ಮಪ್ಪನ ಅಕ್ಕ, ಮೇಡಂ. ನಾನು ಅವರನ್ನ ಕೂಕು ಅನ್ಬೇಕಾ, ವಾಯ್‌ಫೊ ಅನ್ಬೇಕಾ?" ಅತ್ತೆ ಅನ್ನಬೇಕೋ ಅಜ್ಜಿ ಅನ್ನಬೇಕೋ ಅಂತ. ಬಂಗಾಳದ ಹಿಂದೂ ಮನೆಗಳಲ್ಲೂ ಇಂಥ ಮದುವೆ ರೂಢಿ ಇಲ್ಲ. ಮೇಡಂ ಚಾಕ್‌ಪೀಸ್ ಕೆಳಗಿಟ್ಟು, ಮೊದಲು ನಿಮ್ಮ ವಂಶವೃಕ್ಷ ಬೋರ್ಡಿನ ಮೇಲೆ ಬರೆಯಿರಿ ಅಂದರು. ಆವತ್ತು ಪಾಠ ಮಾಡಿದವರು ನಾವು.

ಕನ್ನಡದಿಂದ ಹೊರಟರೆ ಎಲ್ಲ ಸಲೀಸು ಅಂತ ನಾನು ಹೇಳುತ್ತಿಲ್ಲ. ಚೀನೀಯಲ್ಲಿ ಕರ್ಮಪದ ಕ್ರಿಯಾಪದ ಆದ ಮೇಲೆ ಬೀಳುತ್ತದೆ, 'ನಾನು ತಿನ್ನುವೆ ಅನ್ನ' ಅಂತ. ಅಲ್ಲಿ ಇಂಗ್ಲಿಷೇ ಹತ್ತಿರ. ಸ್ವರದ ನಾಲ್ಕು ಏರಿಳಿತಕ್ಕೆ ನಮ್ಮಲ್ಲಿ ಆಸರೆ ಕಡಿಮೆ. ಒಂದೇ 'ಹೂಂ' ಅನ್ನು ಒಪ್ಪಿಗೆಗೆ, ಪ್ರಶ್ನೆಗೆ, ಬೇಸರಕ್ಕೆ, ಗದರಿಕೆಗೆ ಬೇರೆ ಬೇರೆ ರಾಗದಲ್ಲಿ ಹೇಳುತ್ತೇವಲ್ಲ, ಅಷ್ಟೇ ನಮ್ಮ ಬಂಡವಾಳ. ಇನ್ನು ಅಕ್ಷರಗಳು. ಬಹುಪಾಲು ಚೀನೀ ಅಕ್ಷರಗಳಲ್ಲಿ ಒಂದು ಭಾಗ ಅರ್ಥದ ಸುಳಿವು, ಇನ್ನೊಂದು ಭಾಗ ಉಚ್ಚಾರದ ಸುಳಿವು ಕೊಡುತ್ತದೆ, ಹಾಗಾಗಿ ಕಂಡಷ್ಟು ಅಡ್ಡಾದಿಡ್ಡಿ ಅಲ್ಲ. ಆದರೂ ಕೂತು ಬರೆಯಬೇಕು, ಮರೆಯಬೇಕು, ಮತ್ತೆ ಬರೆಯಬೇಕು. ಅದಕ್ಕೆ ಯಾವ ತಾಯ್ನುಡಿಯೂ ರಿಯಾಯಿತಿ ಕೊಡಿಸುವುದಿಲ್ಲ. ಕ್ಲಾಸಿನಲ್ಲಿ ಅರ್ಧದಷ್ಟು ಜನ ಬಿಟ್ಟುಹೋದದ್ದು ಇಲ್ಲೇ.

ಸಂಸ್ಕೃತಿ ಅನ್ನುವ ಪಾಠದಲ್ಲಿ ಡ್ರ್ಯಾಗನ್, ಮಹಾಗೋಡೆ, ಕೆಂಪು ಲಾಟೀನುಗಳ ಚಿತ್ರ ಇದ್ದವು. ಅವು ನೆನಪಿಲ್ಲ. ನೆನಪಿರುವುದು ಆಲೂಗಡ್ಡೆ. ಜಗತ್ತಿನಲ್ಲಿ ಅತಿ ಹೆಚ್ಚು ಆಲೂಗಡ್ಡೆ ಬೆಳೆಯುವುದು ಚೀನಾ, ಎರಡನೆಯದು ಭಾರತ. ಹಾಸನದವರಿಗೆ ಆಲೂಗಡ್ಡೆಯ ಬಗ್ಗೆ ಹೇಳುವುದೇನು, ಮುಂಗಾರಿನ ಮುಂಚೆ ಎಪಿಎಂಸಿಯಲ್ಲಿ ಜಲಂಧರದ ಬಿತ್ತನೆ ಗಡ್ಡೆಗೆ ನಿಲ್ಲುವ ಸಾಲು, ಆಮೇಲೆ ಅಂಗಮಾರಿ ಬಂದು ಎಲೆ ಕಪ್ಪಾದ ಹೊಲ, ಎಲ್ಲ ಕಂಡವರೇ. 2015ರಲ್ಲಿ ಚೀನಾ ಸರ್ಕಾರ ಅಕ್ಕಿ, ಗೋಧಿ, ಮೆಕ್ಕೆಜೋಳದ ಪಕ್ಕ ಆಲೂಗಡ್ಡೆಯನ್ನೂ ಮುಖ್ಯ ಆಹಾರವಾಗಿಸುವ ಯೋಜನೆ ಹಾಕಿತು. ನೀರು ಕಡಿಮೆ ಸಾಕು ಅನ್ನುವುದು ಒಂದು ಕಾರಣ. ಆದರೆ ಅವರ ಮನೆಗಳಲ್ಲಿ ಅದು ತರಕಾರಿ. ವಸಂತ ಹಬ್ಬ, ಅಂದರೆ ಅವರ ಹೊಸ ವರ್ಷದ ಹೊತ್ತಿಗೆ ಮೇಡಂ ಹೇಳಿಕೊಟ್ಟ ಪಲ್ಯವನ್ನು ನಾನು ಮನೆಯಲ್ಲಿ ಮಾಡಿದೆ. ಆಲೂಗಡ್ಡೆಯನ್ನು ಬೆಂಕಿಕಡ್ಡಿಯಷ್ಟು ಸಣ್ಣಗೆ ಉದ್ದುದ್ದ ಹೆಚ್ಚಿ, ನೀರು ತಿಳಿಯಾಗುವವರೆಗೆ ತೊಳೆದು ಗಂಜಿ ಬಿಡಿಸಬೇಕು. ಕಾದ ಎಣ್ಣೆಗೆ ಒಣಮೆಣಸಿನಕಾಯಿ, ಸಿಚುವಾನ್ ಮೆಣಸು. ಅದೆಲ್ಲಿ ಸಿಗುತ್ತದೆ? ಸಕಲೇಶಪುರದ ಕಡೆಯ ಗೆಳತಿ ಜುಮ್ಮನಕಾಯಿ ತಂದುಕೊಟ್ಟಳು, ಅದೇ ಜಾತಿಯದು, ನಾಲಿಗೆ ಜುಮ್ಮೆನ್ನಿಸುವುದೂ ಅದೇ ಥರ. ದೊಡ್ಡ ಉರಿಯಲ್ಲಿ ಕೈಬಿಡದೆ ಕೆದಕಿ, ವಿನೆಗರ್ ಹಾಕಿ ಇಳಿಸಿಬಿಡಬೇಕು. ತಿನ್ನುವಾಗ ಕಟುಂ ಅನ್ನಬೇಕು, ಅದೇ ಅದರ ಹದ.

ಅಮ್ಮ ಒಂದು ಎಳೆ ಬಾಯಿಗೆ ಹಾಕಿಕೊಂಡು, "ಇದೇನೇ ಇದು, ಬೆಂದೇ ಇಲ್ವಲ್ಲೇ. ಕುಕ್ಕರ್‌ಗೆ ಹಾಕಿ ಇನ್ನೆರಡು ಕೂಗು ಕೂಗಿಸ್ಕೊಂಡ್ ಬಾ" ಅಂದರು. ಅವರು ಹಾಗೇ ತಿನ್ನೋದು ಅಂದೆ. "ಅವರಿಗೆ ಸೌದೆ ಇರ್ಲಿಲ್ವೇನೋ ಪಾಪ." ಅಮ್ಮ ತಮಾಷೆಗೆ ಅಂದದ್ದು, ಆದರೆ ಸಣ್ಣಗೆ ಹೆಚ್ಚಿ ಬೇಗ ಬೇಯಿಸುವ ಚೀನೀ ಪದ್ಧತಿಗೆ ಉರುವಲು ಉಳಿಸುವುದೇ ಒಂದು ಕಾರಣ ಅಂತ ವಿವರಿಸುವವರು ಬಹಳ ಜನ ಇದ್ದಾರೆ. (ಸಂಜೆ ಸಿಟಿ ಕಡೆ ಗಾಡಿಯಲ್ಲಿ ಸಿಗುವ ಗೋಬಿ ಮಂಚೂರಿಗೆ ಚೀನಾದಲ್ಲಿ ನೆಂಟರಿಲ್ಲ, ಅದು ಈ ದೇಶದಲ್ಲೇ ಹುಟ್ಟಿದ್ದು. 2024ರಲ್ಲಿ ಕರ್ನಾಟಕ ಸರ್ಕಾರ ಅದಕ್ಕೆ ಕೃತಕ ಬಣ್ಣ ಹಾಕಬಾರದು ಅಂದ ಮೇಲೆ ಸ್ವಲ್ಪ ಬಿಳಿಚಿಕೊಂಡಿದೆ, ಅಷ್ಟೇ.)

ನಾನು ಚೀನೀ ಕಲಿಯುವುದಕ್ಕೆ ಮನೆಯಲ್ಲಿ ಯಾರೂ ಬೇಡ ಅನ್ನಲಿಲ್ಲ. ಯಾಕೆ ಅಂತ ಕೇಳಿದವರು ಮಾತ್ರ ಬೇಕಾದಷ್ಟು ಜನ. 2020ರ ಜೂನ್‌ನಲ್ಲಿ ಗಾಲ್ವಾನ್ ಕಣಿವೆಯಲ್ಲಿ ನಮ್ಮ 20 ಯೋಧರು ಸತ್ತರು. ಆ ತಿಂಗಳ ಕೊನೆಗೆ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ವೀಚಾಟ್ ಇತ್ತು. ಚೀನಾದ ಯುನ್ನಾನ್ ಪ್ರಾಂತ್ಯದ ಒಬ್ಬ ಹುಡುಗಿಯ ಜೊತೆ ನಾನು ಮಾತು ರೂಢಿ ಮಾಡಿಕೊಳ್ಳುತ್ತಿದ್ದದ್ದು ಅದರಲ್ಲೇ. ಅದರ ಮುಂದಿನ ತಿಂಗಳು ಬಂದ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ, ಶಾಲೆಗಳಲ್ಲಿ ಕಲಿಸಬಹುದಾದ ವಿದೇಶಿ ಭಾಷೆಗಳ ಉದಾಹರಣೆಯಿಂದ ಚೀನೀ ಹೊರಗೆ ಹೋಗಿತ್ತು. ಹಿಂದಿನ ವರ್ಷದ ಕರಡಿನಲ್ಲಿ ಇತ್ತು. ಊರಿನಲ್ಲಿ ಒಬ್ಬರು ಇನ್ನೂ ಆ ಪುಸ್ತಕ ಇಟ್ಟುಕೊಂಡಿದ್ದೀಯಾ ಅಂತಲೇ ಕೇಳಿದರು. ಉತ್ತರ ಕೊಟ್ಟದ್ದು ನಾನಲ್ಲ, ಸೇನೆಯಲ್ಲಿದ್ದು ಸಿಕ್ಕಿಂ ಗಡಿಯಲ್ಲಿ ಚಳಿ ತಿಂದು ಬಂದ ದೊಡ್ಡಪ್ಪ. "ಅವರು ನಮ್ ಕಡೆ ತಿರುಗಿ ಕೂಗೋಕೆ ಅಂತಲೇ ಹಿಂದಿ ಕಲ್ತಿದ್ರು. ನಮ್ ಜೊತೇಲಿ ಅವರ ಮಾತು ಬರೋನು ಒಬ್ಬನೂ ಇರ್ಲಿಲ್ಲ. ಅವರೇನ್ ಮಾತಾಡ್ಕೋತಾರೆ ಅಂತ ಬಾಯ್ ಬಾಯ್ ನೋಡ್ಬೇಕಿತ್ತು." ಅಷ್ಟು ಹೇಳಿ ಟಿವಿ ಕಡೆ ತಿರುಗಿದರು.

ಕೋರ್ಸು ಆ ಹೊತ್ತಿಗಾಗಲೇ ನಿಂತಿತ್ತು. ಸೇರುವವರಿಲ್ಲ ಅಂತ ಕಾರಣ ಕೊಟ್ಟರು, ಸುಳ್ಳಲ್ಲ. ಆದರೆ ಇಂಗ್ಲಿಷ್ ಪಠ್ಯ ಹಿಡಿದು, ಇಂಗ್ಲಿಷಿನವರಿಗೆ ಬರುವ ಕಷ್ಟಗಳನ್ನೆಲ್ಲ ಮೊದಲು ಮೈಮೇಲೆ ಎಳೆದುಕೊಂಡು ಆಮೇಲೆ ಚೀನೀ ಕಲಿಯುವುದೆಂದರೆ, ಹಾಸನದಿಂದ ಸಕಲೇಶಪುರಕ್ಕೆ ಬೆಂಗಳೂರು ಸುತ್ತಿ ಹೋದ ಹಾಗೆ. ದಾರಿಯಲ್ಲೇ ಇಳಿದುಬಿಡುವವರು ಹೆಚ್ಚು. ಕನ್ನಡದಲ್ಲೇ ಬರೆದ, ಕನ್ನಡದ ಕಿವಿಗೆ ಏನು ಸುಲಭ ಏನು ಕಷ್ಟ ಅಂತ ನೋಡಿ ಜೋಡಿಸಿದ ಒಂದು ತೆಳ್ಳನೆಯ ಪುಸ್ತಕ ನಮ್ಮ ಕೈಯಲ್ಲಿದ್ದಿದ್ದರೆ ಕ್ಲಾಸಿನಲ್ಲಿ ಇನ್ನಷ್ಟು ಜನ ಉಳಿಯುತ್ತಿದ್ದರು ಅಂತಲೇ ನನ್ನ ಹಟ.

ಈಗ ಅಂಥದ್ದೊಂದನ್ನು ನಾನೇ ಬಿಡಿಹಾಳೆಗಳಲ್ಲಿ ಬರೆಯುತ್ತಿದ್ದೇನೆ. ಬರೆಸಿದವಳು ಚನ್ನರಾಯಪಟ್ಟಣದ ಒಬ್ಬ ಹುಡುಗಿ, ಚೀನಾಕ್ಕೆ ಎಂ.ಬಿ.ಬಿ.ಎಸ್. ಓದಲು ಹೊರಟಿದ್ದಾಳೆ. ಪಾಠ ಇಂಗ್ಲಿಷಿನಲ್ಲೇ ಇರುತ್ತದಂತೆ, ಆದರೆ ಆಸ್ಪತ್ರೆಯಲ್ಲಿ ರೋಗಿ ಇಂಗ್ಲಿಷಿನಲ್ಲಿ ನರಳುವುದಿಲ್ಲವಲ್ಲ. ಇಂಟರ್ನ್‌ಶಿಪ್‌ಗೆ ಮೊದಲು ಎಚ್‌ಎಸ್‌ಕೆ ಅನ್ನುವ ಭಾಷಾ ಪರೀಕ್ಷೆಯ ನಾಲ್ಕನೇ ಹಂತ ದಾಟಬೇಕು. ಹೊಟ್ಟೆ ಅನ್ನುವುದಕ್ಕೂ ಮೊಲ ಅನ್ನುವುದಕ್ಕೂ ವ್ಯತ್ಯಾಸ ಗೊತ್ತಿರಲೇಬೇಕಾದ ಕೆಲಸ ಅವಳದು.

ಹಾಳೆಗಳಲ್ಲಿ ಎರಡು ಜಾಗ ಇನ್ನೂ ಸರಿಹೋಗಿಲ್ಲ. ಪಿನ್‌ಯಿನ್ ಯು ಮೇಲೆ ಎರಡು ಚುಕ್ಕಿ ಇಟ್ಟು ಬರೆಯುವ ಒಂದು ಸ್ವರ ಇದೆ, ನಾಲಿಗೆ 'ಈ' ಅನ್ನಬೇಕು, ತುಟಿ 'ಊ' ಅನ್ನಬೇಕು. ಕನ್ನಡದಲ್ಲಿ ಅದಕ್ಕೆ ಅಕ್ಷರವಿಲ್ಲ. 'ಯೂ' ಬರೆದು ಅಡಿಗೆರೆ ಹಾಕಿದ್ದೇನೆ, ಸಮಾಧಾನವಿಲ್ಲ. ನಿಮಗೇನಾದರೂ ಹೊಳೆದರೆ ತಿಳಿಸಿ. ಇನ್ನೊಂದು ಫಕಾರ. ಚೀನೀಯಲ್ಲಿ ತುಟಿ ಮುಚ್ಚಿ ಬಿಡುವ ಮಹಾಪ್ರಾಣದ ಫ ಬೇರೆ, ಹಲ್ಲು ತುಟಿಗೆ ತಾಗಿಸಿ ಊದುವ ಫ಼ ಬೇರೆ. ಎರಡನೆಯದಕ್ಕೆ ಕೆಳಗೆ ಚುಕ್ಕಿ ಇಟ್ಟು, ಮೊದಲನೆಯದರ ಪಕ್ಕ 'ಫಲದ ಫ, ಫ್ಯಾನಿನದಲ್ಲ' ಅಂತ ಬರೆದುಕೊಟ್ಟೆ. ಅವಳು ಗಟ್ಟಿಯಾಗಿ ಓದಿದಳು. ಫಲವೂ ಫ್ಯಾನಿನ ಹಾಗೇ ಕೇಳಿಸಿತು. ಆಮೇಲೆ ಅದನ್ನು ಹೊಡೆದು 'ಪ್ಹ' ಅಂತ ಮಾಡಿದ್ದೇನೆ, ನೋಡೋಕೆ ಚೆನ್ನಾಗಿಲ್ಲ, ಆದರೆ ಅವಳ ಬಾಯಲ್ಲಿ ಮೊಲ ಈಗ ಸರಿಯಾಗಿ ಓಡುತ್ತಿದೆ.